ಟೈಲ್ಸ್ ಕೆಳಗಿನ ಒಂದೂವರೆ ಮಿಲಿಮೀಟರ್

ಹೊಸ ಅಪಾರ್ಟ್‌ಮೆಂಟಿನ ಜಾಹೀರಾತಲ್ಲಿ ಪೋಡಿಯಂ ಗಾರ್ಡನ್ ಫೋಟೋ ಇದ್ದೇ ಇರುತ್ತೆ. ಆ ಹುಲ್ಲಿನ ಕೆಳಗೆ, ಪಾರ್ಕಿಂಗ್ ಸ್ಲ್ಯಾಬಿನ ಮೇಲೆ ಏನು ಹಚ್ಚಿದ್ದಾರೆ ಅಂತ ಯಾರೂ ಬರೆಯಲ್ಲ. ಸಿವಿಲ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಮೊದಲು ಕೇಳಬೇಕು ಅನ್ನಿಸೋದು ಅದನ್ನೇ.

ಇಂಥ ಕಡೆ ಈಗ ಹೆಚ್ಚಾಗಿ ಬಳಸುವುದರಲ್ಲಿ ಒಂದು, ದ್ರವರೂಪದ ಕೋಲ್ಡ್ ಅಪ್ಲೈಡ್ ಮೆಂಬ್ರೇನ್. ಡಾಂಬರು ಕಾಯಿಸಬೇಕಿಲ್ಲ, ಶೀಟಿಗೆ ಗ್ಯಾಸ್ ಬರ್ನರ್ ಹಿಡಿಯಬೇಕಿಲ್ಲ. ಪಾಲಿಯುರಿಥೇನಿನಂಥ ದ್ರವವನ್ನು ರೋಲರ್, ಬ್ರಷ್ ಅಥವಾ ಸ್ಪ್ರೇಯಲ್ಲಿ ಹಚ್ಚುತ್ತಾರೆ. ಗಟ್ಟಿಯಾದ ಮೇಲೆ ರಬ್ಬರಿನಂತೆ ಹಿಗ್ಗುವ, ಜೋಡಣೆಯೇ ಇಲ್ಲದ ಪದರ ಸಿಗುತ್ತೆ. ಪೈಪು ಹೊರಬರುವ ಜಾಗ, ಪ್ಯಾರಾಪೆಟ್ಟಿನ ಮೂಲೆ, ಇಲ್ಲೆಲ್ಲ ಶೀಟ್ ಕತ್ತರಿಸಿ ಅಂಟಿಸುವ ಕಷ್ಟ ಇಲ್ಲ. ಬರೀ ಟೆರೇಸಿಗಾದರೆ ಬಿಸಿಲು ತಡೆಯುವ ಟಾಪ್ ಕೋಟ್ ಬೇಕು.

ಕಾರ್ಖಾನೆಯಿಂದ ಬರುವ ಶೀಟಿನ ದಪ್ಪ ಅಲ್ಲೇ ನಿಗದಿಯಾಗಿರುತ್ತೆ. ಇದರ ದಪ್ಪ ಮಾತ್ರ ರೋಲರ್ ಹಿಡಿದವರ ಕೈಯಲ್ಲಿದೆ. ಮೇಲೆ ಮಣ್ಣು, ಟೈಲ್ಸ್ ಬರುವ ಕಡೆ ಒಣಗಿದ ದಪ್ಪ ಸಾಮಾನ್ಯವಾಗಿ 1.5 ಮಿಲಿಮೀಟರ್ ಇರಬೇಕು. ಲೆಕ್ಕ ಸುಲಭ: 1,000 ಚದರ ಮೀಟರಿಗೆ ಕನಿಷ್ಠ 1,500 ಲೀಟರ್. ಅಂದ್ರೆ 20 ಲೀಟರಿನ 75 ಡಬ್ಬ. ಒಣಗುವಾಗ ಆವಿಯಾಗುವ ದ್ರಾವಕ ಸೇರಿದ್ದರೆ ಇನ್ನೂ ಜಾಸ್ತಿ. ಸೈಟಲ್ಲಿ ಖಾಲಿ ಡಬ್ಬ ಎಣಿಸೋಕೆ ಡಿಗ್ರಿ ಬೇಡ.

ಎರಡನೇ ಶತ್ರು ಅವಸರ. ಹೊಸ ಕಾಂಕ್ರೀಟನ್ನು ವಾಡಿಕೆಯಂತೆ 28 ದಿನ ಬಿಡಬೇಕು. ಒಳಗೆ ತೇವ ಉಳಿದಿರುವಾಗಲೇ ಹಚ್ಚಿದರೆ ಆವಿ ಮೇಲೇಳುತ್ತೆ, ಪದರದಲ್ಲಿ ಗುಳ್ಳೆ, ಸೂಜಿತೂತು ಬೀಳುತ್ತವೆ. ಗೃಹಪ್ರವೇಶದ ತಾರೀಕು ಮೊದಲೇ ಫಿಕ್ಸ್ ಆಗಿದ್ದರೆ ಈ 28 ದಿನ ಯಾರಿಗೂ ಬೇಡವಾದ ದಿನಗಳು.

ಇಳಿಜಾರಿನ ಮಾತು ಬಂದಾಗ ಫ್ಲೋರಿಡಾದ ಸರ್ಫ್‌ಸೈಡ್ ನೆನಪಾಗಬೇಕು. 2021ರ ಜೂನ್ 24ರಂದು ಅಲ್ಲಿನ ಶಾಂಪ್ಲೇನ್ ಟವರ್ಸ್ ಸೌತ್ ಕುಸಿದು 98 ಜನ ಸತ್ತರು. 2018ರಲ್ಲೇ ಎಂಜಿನಿಯರಿಂಗ್ ವರದಿಯೊಂದು ಪೂಲ್ ಡೆಕ್ ಕೆಳಗಿನ ವಾಟರ್‌ಪ್ರೂಫಿಂಗ್ ಸೋತಿದೆ, ಇಳಿಜಾರಿಲ್ಲದ ಸ್ಲ್ಯಾಬಿನ ಮೇಲೆ ಅದನ್ನು ಹಾಕಿರುವುದರಿಂದ ನೀರು ಆವಿಯಾಗುವವರೆಗೂ ಅಲ್ಲೇ ನಿಲ್ಲುತ್ತೆ ಅಂದಿತ್ತು. ಕುಸಿತಕ್ಕೆ ನೀರೊಂದೇ ಕಾರಣ ಅನ್ನಲಾಗದು. ಡೆಕ್ಕಿನ ವಿನ್ಯಾಸವೇ ದುರ್ಬಲವಾಗಿತ್ತೆಂದು ಸರ್ಕಾರಿ ತನಿಖೆ ಹೇಳಿದೆ. ಆದರೆ ರಿಪೇರಿಯ ದುಡ್ಡು ಯಾರು ಕೊಡಬೇಕೆಂಬ ನಿವಾಸಿಗಳ ಜಗಳದಲ್ಲಿ ವರ್ಷಗಳು ಕಳೆದವು.

ನಮ್ಮಲ್ಲಿ ಆ ಜಗಳಕ್ಕೆ ಕಾನೂನಿನ ಉತ್ತರ ಇದೆ, ಅರ್ಧ. 2016ರ ರೇರಾ ಕಾಯ್ದೆಯ ಸೆಕ್ಷನ್ 14(3) ಪ್ರಕಾರ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ರಚನೆ ಅಥವಾ ಕೆಲಸದ ಗುಣಮಟ್ಟದ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಪಡಿಸಬೇಕು. ಆರನೇ ಮಳೆಗಾಲದಲ್ಲಿ ಸೋರಿದರೆ ಮಣ್ಣು, ಟೈಲ್ಸ್ ಎಲ್ಲ ಅಗೆಸುವ ಖರ್ಚು ಹೆಚ್ಚುಕಡಿಮೆ ಮನೆಯವರದ್ದೇ.

ಆದ್ದರಿಂದ ಟೈಲ್ಸ್ ಹಾಕೋ ಮುಂಚೆ ನೀರು ನಿಲ್ಲಿಸಿ ನೋಡಬೇಕು: ಡ್ರೈನ್ ಮುಚ್ಚಿ 24ರಿಂದ 72 ಗಂಟೆ. ಆ ಪರೀಕ್ಷೆಯ ತಾರೀಕು, ಫೋಟೋ, ದಪ್ಪದ ಅಳತೆ, ಇವನ್ನು ಫ್ಲ್ಯಾಟಿನ ಕಾಗದಪತ್ರದ ಜೊತೆಯಲ್ಲೇ ಬರೆದು ಕೇಳಿ.