ಧಾರಾವಾಹಿಗಳಲ್ಲಿ ಕೌಟುಂಬಿಕ ಹಿಂಸೆ

ಸೊಲ್ಲಾಪುರ, ಅಕ್ಕಲಕೋಟದ ನಮ್ಮ ಮನೆಗಳಲ್ಲಿ ಸಂಜೆ ಕನ್ನಡ, ಮರಾಠಿ ಎರಡೂ ಧಾರಾವಾಹಿಗಳನ್ನು ಮಕ್ಕಳೂ ನೋಡುತ್ತಾರೆ. ಅವುಗಳಲ್ಲಿ ಹಿಂಸೆಯೆಂದರೆ ಬಹುಮಟ್ಟಿಗೆ ಅತ್ತೆಯ ಕುತಂತ್ರ ಅಥವಾ ಗಂಡನ ಹೊಡೆತ. ಸಹಿಸಿದವಳೇ ಆದರ್ಶ ಸೊಸೆ. ಹೊಡೆಯದಿದ್ದರೆ ಹಿಂಸೆಯೇ ಅಲ್ಲವೆಂಬ ನಂಬಿಕೆಯನ್ನು ನಾವು ತರಗತಿಯಲ್ಲಿಯೂ ಕಂಡಿದ್ದೇವೆ.

2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಬೇರೆ ದಾರಿ ಹಿಡಿಯಿತು. ಗಂಡುಮಗುವಿಲ್ಲವೆಂದು ಗಂಡ ತೊರೆದ ಪುಟ್ಟಕ್ಕ (ಉಮಾಶ್ರೀ) ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುತ್ತಾಳೆ. ಗಂಡುಮಗುವಿಲ್ಲವೆಂದು ಹಂಗಿಸುವುದನ್ನು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯ 3ನೇ ಕಲಮು ಹಿಂಸೆಯೆಂದೇ ಹೆಸರಿಸಿದೆ. ಮನೆಖರ್ಚಿಗೆ ಹಣ ಕೊಡದಿರುವುದನ್ನೂ. ತೆರೆಯ ಮೇಲೆ ಇಷ್ಟನ್ನು ಬಿಡಿಸಿ ಹೇಳುವ ಪಾತ್ರಗಳು ವಿರಳ.

4ನೇ ಕಲಮಿನಂತೆ ನೆರೆಯವರು, ಶಿಕ್ಷಕರು, ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಹೊಣೆ ಬಾರದು. ಮಹಿಳಾ ಸಹಾಯವಾಣಿ 181.