ರೇಷ್ಮೆಯ ಎಳೆ, ಧ್ರುವೀಕೃತ ಬೆಳಕು ಮತ್ತು ತಡವಾದ ಒಂದು ಉತ್ತರ



ಎಂಬತ್ತರ ದಶಕದ ಮಧ್ಯಭಾಗ. ಗುಂಡ್ಲುಪೇಟೆಯಿಂದ ವರ್ಗವಾಗಿ ನಾನು ಚಾಮರಾಜನಗರಕ್ಕೆ ಬಂದ ಹೊಸತು. ಚಾಮರಾಜನಗರ ಆಗಿನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಕೆಟ್ಟುಹೋದ ಎರಡು ಕ್ಯಾಲ್ಕುಲೇಟರುಗಳ ಪರದೆಯಿಂದ ಕಿತ್ತ ಪೋಲರಾಯ್ಡ್ ಹಾಳೆಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಹಿಡಿದು, ಬೆಳಕು ಹೇಗೆ ಪೂರ್ತಿ ನಿಂತುಹೋಗುತ್ತದೆಂದು ತರಗತಿಯಲ್ಲಿ ತೋರಿಸುತ್ತಿದ್ದೆ. ರೇಷ್ಮೆ ಬಿಚ್ಚಣಿಕೆ ಮಾಡುವ ಮನೆಯ ಹುಡುಗನೊಬ್ಬ ಅಂಗಿಗೆ ಅಂಟಿಕೊಂಡಿದ್ದ ಹಸಿರೇಷ್ಮೆಯ ಎಳೆಗಳನ್ನು ಬಿಡಿಸಿ ಆ ಹಾಳೆಗಳ ನಡುವೆ ಇಟ್ಟ. ಕತ್ತಲೆಯಲ್ಲಿ ಎಳೆ ಬೆಳ್ಳಿಯಂತೆ ಹೊಳೆಯಿತು. ಅವನು ಅದನ್ನು ಮೆಲ್ಲನೆ ತಿರುಗಿಸಿದ, ಹೊಳಪು ಆರಿತು.

"ತಿರುಗಿಸುದ್ರೆ ಯಾಕ್ ಸಾ ಕತ್ಲಾಯ್ತದೆ?" ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. "ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೊ" ಎಂದೆ. ಹತ್ತನೆಯ ತರಗತಿಯ ನಂತರ ಆ ಹುಡುಗ ಓದು ನಿಲ್ಲಿಸಿ ಮನೆಯ ಕಸುಬಿಗೇ ಹೋದನೆಂದು ಕೇಳಿದೆ. ನಿವೃತ್ತಿಯ ನಂತರ ಬಿಡುವು ದೊರೆತಾಗ ನಾನು ಮೊದಲು ಹುಡುಕಿದ್ದು ಆ ಪ್ರಶ್ನೆಯ ಉತ್ತರವನ್ನು.

ಇದರ ಕಥೆ ಬಹಳ ಹಿಂದಿನದು. 1669ರಲ್ಲಿ ಡೆನ್ಮಾರ್ಕಿನ ಬಾರ್ತೊಲಿನ್, ಐಸ್‌ಲ್ಯಾಂಡಿನಿಂದ ಬಂದ ಒಂದು ಸ್ಫಟಿಕದ ಮೂಲಕ ನೋಡಿದರೆ ಪ್ರತಿಯೊಂದು ವಸ್ತುವೂ ಎರಡಾಗಿ ಕಾಣುವುದನ್ನು ವರದಿ ಮಾಡಿದನು. 1808ರಲ್ಲಿ ಮಾಲ್ಯೂ ಅಂಥದೇ ಸ್ಫಟಿಕದ ಮೂಲಕ, ಪ್ಯಾರಿಸ್ಸಿನ ಅರಮನೆಯೊಂದರ ಕಿಟಕಿಗಾಜಿನಲ್ಲಿ ಪ್ರತಿಫಲಿಸಿದ ಸಂಜೆಯ ಸೂರ್ಯನನ್ನು ನೋಡಿ, ಪ್ರತಿಫಲಿತ ಬೆಳಕೂ ಧ್ರುವೀಕೃತವಾಗಿರುತ್ತದೆಂದು ಅರಿತನು. ಜೀವಿಗಳ ಅಂಗಾಂಶದತ್ತ ಈ ಬೆಳಕನ್ನು ತಿರುಗಿಸಿದ ಮೊದಲಿಗರಲ್ಲಿ ಬ್ರೂಸ್ಟರ್ ಒಬ್ಬನು. 1816ರಲ್ಲಿಯೇ ಮೀನು ಮತ್ತು ಚತುಷ್ಪಾದಿಗಳ ಕಣ್ಣಿನ ಮಸೂರದ ರಚನೆಯನ್ನು ಅವನು ಹೀಗೆ ಪರೀಕ್ಷಿಸಿದ್ದನು. 1858ರಲ್ಲಿ ವಿಯೆನ್ನಾದ ಬ್ರ್ಯುಕೆ ಸ್ನಾಯುವಿನ ಎಳೆಗಳನ್ನು ನೋಡಿದಾಗ ಒಂದು ಪಟ್ಟೆ ಹೊಳೆಯುವುದೂ ಮುಂದಿನದು ಕಪ್ಪಾಗಿರುವುದೂ ಕಂಡಿತು. ಇಂದಿಗೂ ಜೀವಶಾಸ್ತ್ರದ ಪುಸ್ತಕದಲ್ಲಿರುವ 'ಎ' ಪಟ್ಟೆ, 'ಐ' ಪಟ್ಟೆ ಎಂಬ ಹೆಸರುಗಳು ಧ್ರುವೀಕೃತ ಬೆಳಕಿನಲ್ಲಿ ಅವು ತೋರುವ ಈ ನಡತೆಯಿಂದಲೇ ಬಂದವು. ನಾನು ಆ ಚಿತ್ರವನ್ನು ಎಷ್ಟೋ ಬಾರಿ ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಅಕ್ಷರಗಳ ಅರ್ಥವನ್ನು ಮಾತ್ರ ವಿಚಾರಿಸಿರಲಿಲ್ಲ.

ನಮ್ಮ ಚರ್ಮ, ಸ್ನಾಯುರಜ್ಜು, ಮೂಳೆಗಳಲ್ಲಿರುವ ಕೊಲ್ಯಾಜನ್ ಕೂಡ ಹೀಗೆಯೇ ಹೊಳೆಯುತ್ತದೆ. ಬೆಂಗಳೂರಿನಲ್ಲಿ ರಾಮನ್ ಅವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು 1954ರಲ್ಲಿ ಮದರಾಸಿನಲ್ಲಿ ಗೋಪಿನಾಥ ಕರ್ತಾ ಅವರೊಂದಿಗೆ, ಕಾಂಗರೂ ಬಾಲದ ಸ್ನಾಯುರಜ್ಜುವಿನ ಕ್ಷ-ಕಿರಣ ಚಿತ್ರಗಳಿಂದ, ಕೊಲ್ಯಾಜನ್ ಮೂರೆಳೆಯ ಹುರಿ ಎಂದು ತೋರಿಸಿದರು. ಒಂದೇ ದಿಕ್ಕಿಗೆ ಜೋಡಿಸಿದ ಆ ಹುರಿಗಳ ಶಿಸ್ತೇ ಹೊಳಪಿಗೆ ಕಾರಣ. ಕಾಯಿಸಿದರೆ ಹುರಿ ಬಿಚ್ಚಿ ಹೊಳಪು ಕುಂದುತ್ತದೆ. ಆದ್ದರಿಂದಲೇ ಸುಟ್ಟ ಚರ್ಮ, ಗಾಯದ ಕಲೆ ಮುಂತಾದವುಗಳಲ್ಲಿ ನಾರುಗಳ ಜೋಡಣೆ ಹೇಗಿದೆ ಎಂಬುದನ್ನು ವೈದ್ಯವಿಜ್ಞಾನಿಗಳು ಈ ಬೆಳಕಿನಿಂದ ಅಳೆಯಬಲ್ಲರು.

ಈ ಹುಡುಕಾಟದಲ್ಲಿ ನನ್ನನ್ನು ತಲೆತಗ್ಗಿಸುವಂತೆ ಮಾಡಿದ ಹೆಸರು ಎಸ್. ಪಂಚರತ್ನಂ. ರಾಮನ್ ಅವರ ಸೋದರಸಂಬಂಧದ ಕುಟುಂಬದಲ್ಲಿ 1934ರಲ್ಲಿ ಜನಿಸಿದ ಇವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸ್ಫಟಿಕಗಳ ಮೂಲಕ ಹಾಯುವ ಧ್ರುವೀಕೃತ ಬೆಳಕನ್ನು ಅಭ್ಯಸಿಸಿದರು. 1955ರಲ್ಲಿ, ಹಲವು ಬಣ್ಣಗಳಿಗೆ ಒಂದೇ ರೀತಿ ಕೆಲಸ ಮಾಡುವ ಫಲಕಜೋಡಣೆಯನ್ನು ರೂಪಿಸಿದರು. 1956ರಲ್ಲಿ ಇನ್ನೂ ಆಳವಾದ ಮಾತೊಂದನ್ನು ಹೇಳಿದರು. ಬೆಳಕಿನ ಧ್ರುವೀಕರಣದ ಸ್ಥಿತಿಯನ್ನು ಹಂತಹಂತವಾಗಿ ಬದಲಿಸಿ ಮತ್ತೆ ಮೊದಲಿನ ಸ್ಥಿತಿಗೇ ತಂದರೂ, ಆ ಸುತ್ತಾಟದ ಗುರುತು ಅಲೆಯಲ್ಲಿ ಉಳಿಯುತ್ತದೆ. ಪ್ರದಕ್ಷಿಣೆ ಮುಗಿಸಿ ಹೊರಟ ಕಂಬದ ಬಳಿಗೇ ಬಂದರೂ ನಡೆದದ್ದು ಸುಳ್ಳಾಗುವುದಿಲ್ಲವಷ್ಟೆ!

1961ರಿಂದ 1964ರವರೆಗೆ ಅವರು ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದಲ್ಲಿದ್ದರು, ನಮ್ಮೂರಿಂದ ಅರವತ್ತು ಕಿಲೋಮೀಟರ್ ದೂರದಲ್ಲಿ. ಆ ವಿಭಾಗದ ಮುಖ್ಯಸ್ಥರಾಗಿದ್ದವರು ಅವರ ಅಣ್ಣ, ದ್ರವಸ್ಫಟಿಕ ವಿಜ್ಞಾನಿ ಎಸ್. ಚಂದ್ರಶೇಖರ್. ನಾನು ಹಾಳೆ ಕಿತ್ತ ಕ್ಯಾಲ್ಕುಲೇಟರಿನ ಪರದೆಯೂ ದ್ರವಸ್ಫಟಿಕದ್ದೇ. ಪಂಚರತ್ನಂ ಅಲ್ಲಿಂದ ಆಕ್ಸ್‌ಫರ್ಡಿಗೆ ತೆರಳಿ, 1969ರಲ್ಲಿ ಮೂವತ್ತೈದರ ವಯಸ್ಸಿನಲ್ಲೇ ತೀರಿಕೊಂಡರು. 1984ರಲ್ಲಿ ಬ್ರಿಟನ್ನಿನ ಮೈಕೇಲ್ ಬೆರಿ ಕ್ವಾಂಟಂ ಭೌತಶಾಸ್ತ್ರದಲ್ಲಿ ಇದಕ್ಕೆ ಹೋಲುವ ತತ್ತ್ವವನ್ನು ಪ್ರಕಟಿಸಿ ಖ್ಯಾತರಾದರು. ಪಂಚರತ್ನಂ ಅವರ ಲೇಖನ ಅದರ ಪೂರ್ವರೂಪವೆಂದು 1986ರಲ್ಲಿ ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಜಗತ್ತಿನ ಗಮನಕ್ಕೆ ತಂದರು. ಬೆರಿಯವರೂ ಅದನ್ನು ಮುಕ್ತಮನಸ್ಸಿನಿಂದ ಒಪ್ಪಿ ಗೌರವಿಸಿದರು. ಮೂವತ್ತು ವರ್ಷ ಆ ಲೇಖನ ಓದುಗರಿಗಾಗಿ ಕಾದಿತ್ತು. ನಮ್ಮ ತರಗತಿಯಲ್ಲಿ ರೇಷ್ಮೆ ಹೊಳೆದದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ.

ಈಗ ಆ ಹುಡುಗನಿಗೆ ಉತ್ತರ. ಅಪ್ಪಾ, ಹುಳು ತಲೆಯಾಡಿಸುತ್ತ ನೂಲನ್ನು ಎಳೆಯುವಾಗ ಅದರೊಳಗಿನ ಪ್ರೋಟೀನಿನ ಸರಪಳಿಗಳು ಉದ್ದಕ್ಕೂ ಸಾಲಾಗಿ ನಿಲ್ಲುತ್ತವೆ. ಎಳೆ ಓರೆಯಾಗಿದ್ದಾಗ ಒಳಹೊಕ್ಕ ಬೆಳಕು ಎರಡಾಗುತ್ತದೆ: ಒಂದು ಎಳೆಯ ಉದ್ದಕ್ಕೆ ಕಂಪಿಸುವುದು, ಇನ್ನೊಂದು ಅಡ್ಡಕ್ಕೆ. ಉದ್ದದ್ದು ತುಸು ನಿಧಾನ. ಹೀಗೆ ಹೆಜ್ಜೆ ತಪ್ಪಿ ಹೊರಬಂದ ಇವೆರಡೂ ಸೇರಿದಾಗ ಎರಡನೆಯ ಹಾಳೆಯನ್ನು ಸ್ವಲ್ಪ ಬೆಳಕು ದಾಟುತ್ತದೆ. ಎಳೆಯನ್ನು ಯಾವುದಾದರೂ ಒಂದು ಹಾಳೆಯ ದಿಕ್ಕಿಗೆ ಸರಿಯಾಗಿ ತಿರುಗಿಸಿದರೆ ಬೆಳಕು ಇಬ್ಭಾಗವಾಗುವುದೇ ಇಲ್ಲ, ಆದ್ದರಿಂದ ಕತ್ತಲು.

ನಿಮ್ಮಲ್ಲಿ ಯಾರಾದರೂ ಅವನನ್ನು ಬಲ್ಲವರಿದ್ದರೆ ಇದನ್ನು ಓದಿ ಹೇಳಿ. ಮೇಷ್ಟ್ರಾದವರು ನಿಮ್ಮಲ್ಲಿದ್ದರೆ ಇನ್ನೊಂದು ಮಾತು: ಗೊತ್ತಿಲ್ಲದ ಪ್ರಶ್ನೆ ಬಂದ ದಿನ "ನಾಳೆ ನೋಡಿ ಹೇಳುತ್ತೇನೆ" ಎನ್ನಿ. ನಾನು ಅಷ್ಟನ್ನೂ ಹೇಳಲಿಲ್ಲ.