ಒಂದೇ ಧ್ವನಿ, ಒಂದೇ ತೆರೆ: ದೇಶವನ್ನು ಬೆಸೆದ ಪ್ರಸಾರ ಮಾಧ್ಯಮ

ಭಾಷೆ, ಊಟ, ಉಡುಪುಗಳಲ್ಲಿ ಭಿನ್ನರಾದ ಭಾರತೀಯರಿಗೆ ಏಕಕಾಲದಲ್ಲಿ ಒಂದೇ ಹಾಡನ್ನು, ಒಂದೇ ಕಥೆಯನ್ನು ತಲುಪಿಸಿದ ಶ್ರೇಯ ಬಹುಮಟ್ಟಿಗೆ ಚಲನಚಿತ್ರ, ರೇಡಿಯೋ ಮತ್ತು ದೂರದರ್ಶನಗಳಿಗೆ ಸಲ್ಲುತ್ತದೆ. ಈ ಇತಿಹಾಸದಲ್ಲಿ ಮೈಸೂರಿಗೂ ಸ್ಥಾನವಿದೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಅಲ್ಲಿ ಆರಂಭಿಸಿದ ಖಾಸಗಿ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ರಾಷ್ಟ್ರೀಯ ಬಾನುಲಿಯ ಹೆಸರಾಯಿತು.

ಅಭಿರುಚಿಯ ಹಗ್ಗಜಗ್ಗಾಟ

ಜನರು ಏನನ್ನು ಕೇಳಬೇಕು ಎಂಬುದನ್ನು ನಿರ್ಧರಿಸುವವರು ಯಾರು? 1952ರಿಂದ 1962ರವರೆಗೆ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ.ವಿ. ಕೇಸ್ಕರ್, ಶಾಸ್ತ್ರೀಯ ಸಂಗೀತಕ್ಕೆ ಆದ್ಯತೆ ನೀಡಿ ಚಿತ್ರಗೀತೆಗಳನ್ನು ಬದಿಗೊತ್ತಿದರು. ಕೇಳುಗರು ರೇಡಿಯೋ ಸಿಲೋನ್‌ನತ್ತ ಹೊರಳಿದರು. 1952ರಲ್ಲಿ ಅಲ್ಲಿ ಆರಂಭವಾದ ‘ಬಿನಾಕಾ ಗೀತ್‌ಮಾಲಾ’ದ ಮೂಲಕ ನಿರೂಪಕ ಅಮೀನ್ ಸಯಾನಿ ಮನೆಮಾತಾದರು. 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ‘ವಿವಿಧ ಭಾರತಿ’ಯನ್ನು ಆರಂಭಿಸಿ ಚಿತ್ರಗೀತೆಗಳಿಗೆ ಬಾಗಿಲು ತೆರೆಯಿತು.

ಧಾರಾವಾಹಿಗಳ ಯುಗ

1959ರಲ್ಲಿ ದೆಹಲಿಯಲ್ಲಿ ಪ್ರಾಯೋಗಿಕವಾಗಿ ಮೊದಲ್ಗೊಂಡ ದೂರದರ್ಶನಕ್ಕೆ 1982ರಲ್ಲಿ ಬಣ್ಣ ಬಂದಿತು. ಉಪಗ್ರಹದ ನೆರವಿನಿಂದ ರಾಷ್ಟ್ರೀಯ ಕಾರ್ಯಕ್ರಮಗಳೂ ಆರಂಭವಾದವು. 1984ರ ‘ಹಮ್ ಲೋಗ್’ ಮಧ್ಯಮವರ್ಗದ ಕುಟುಂಬವೊಂದರ ಕಷ್ಟಸುಖವನ್ನು ದೇಶದ ಮಾತುಕತೆಯಾಗಿಸಿತು. ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಮೂಲಕ ಮಲೆನಾಡಿನ ಆಗುಂಬೆ ದೇಶದೆಲ್ಲೆಡೆಯ ಮನೆಗಳಲ್ಲಿ ಮಾಲ್ಗುಡಿಯಾಗಿ ಮೂಡಿತು. ರಮಾನಂದ ಸಾಗರ್ ಅವರ ‘ರಾಮಾಯಣ’ (1987-88) ಪ್ರಸಾರವಾಗುವ ಭಾನುವಾರದ ಬೆಳಗ್ಗೆ ಬೀದಿಗಳು ಬಿಕೋ ಎನ್ನುತ್ತಿದ್ದವು. ಟಿವಿ ಇಲ್ಲದವರು ನೆರೆಮನೆಗಳಲ್ಲಿ ಕಿಕ್ಕಿರಿದು ಸೇರುತ್ತಿದ್ದರು.

ಗಳಿಸಿದ್ದು, ಕಳೆದುಕೊಂಡದ್ದು

ಈ ಏಕತೆಗೆ ಬೆಲೆಯೂ ಇತ್ತು. ರಾಷ್ಟ್ರೀಯ ಕಾರ್ಯಕ್ರಮಗಳ ಭಾಷೆ ಮುಖ್ಯವಾಗಿ ಹಿಂದಿಯಾಗಿತ್ತು. ಪ್ರಾದೇಶಿಕ ಭಾಷೆಗಳಿಗೆ ಉಳಿದ ಅವಧಿ ಸೀಮಿತವಾಗಿತ್ತು. ಕನ್ನಡದಲ್ಲಿ ಜೈನ ಕವಿ ನಾಗಚಂದ್ರನ ರಾಮಕಥೆಯಿಂದ ಕುವೆಂಪು ಅವರ ಮಹಾಕಾವ್ಯದವರೆಗೆ ಹಲವು ರಾಮಾಯಣಗಳಿವೆ. ಆದರೆ ತೆರೆಯ ಮೇಲಿನ ಒಂದು ಪಾಠವೇ ಅನೇಕರ ಪಾಲಿಗೆ ಅಧಿಕೃತವಾಗುವ ಅಪಾಯವನ್ನು ಇತಿಹಾಸಕಾರರು ಆಗಲೇ ಎತ್ತಿ ತೋರಿದ್ದರು.

1992ರಲ್ಲಿ ಜೀ ಟಿವಿ, 1994ರಲ್ಲಿ ಕನ್ನಡದ ಉದಯ ಟಿವಿ ಬಂದ ಬಳಿಕ ಪ್ರೇಕ್ಷಕರು ಹಂಚಿಹೋದರು. ಕನ್ನಡಿಗರಿಗೆ ಇಡೀ ದಿನ ತಮ್ಮ ಭಾಷೆಯಲ್ಲೇ ನೋಡುವ ಅವಕಾಶ ದೊರೆಯಿತು. ದೇಶವೆಲ್ಲ ಒಂದೇ ಕಾರ್ಯಕ್ರಮ ನೋಡುವ ವಾಡಿಕೆ ಕ್ರಮೇಣ ಮರೆಯಾಯಿತು. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ವೇಳೆ ‘ರಾಮಾಯಣ’ ಮರುಪ್ರಸಾರಗೊಂಡಾಗ ಮತ್ತೆ ಕೋಟ್ಯಂತರ ಮಂದಿ ನೋಡಿದರು. ಆದರೆ ಈ ಬಾರಿ ಅದು ನೂರಾರು ವಾಹಿನಿಗಳ ನಡುವಿನ ಒಂದು ಆಯ್ಕೆಯಾಗಿತ್ತು.